ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಆರ್‌ಎಕ್ಸ್ 100 ಪಿಕಪ್ ಡಬಲ್ ಆಗುತ್ತದೆಯೇ? ಟೂ-ಸ್ಟ್ರೋಕ್ ಗಾಡಿಗೆ ಬೇರೆ ಕಾರ್ಬ್ಯುರೇಟರ್ ಕೂರಿಸುವ ಮುನ್ನ ಇದನ್ನು ಓದಿ

ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರುತ್ತದೆ. ಹಳೆಯ ಯಮಹಾ ಆರ್‌ಎಕ್ಸ್ 100. ಹುಡುಗನೊಬ್ಬ ಅದರ ಮೂಲ ಕಾರ್ಬ್ಯುರೇಟರ್ ಬಿಚ್ಚಿ ಪಕ್ಕಕ್ಕಿಟ್ಟು, ಹೊಳೆಯುವ 28 ಎಂಎಂ ಕಾರ್ಬ್ಯುರೇಟರ್ ಕೂರಿಸುತ್ತಾನೆ. ಮರುಕ್ಷಣ ಗಾಡಿ ಮಣ್ಣು ದಾರಿಯಲ್ಲಿ ಮುಂದಿನ ಚಕ್ರ ಎತ್ತಿ ಓಡುತ್ತಿರುತ್ತದೆ. ಹತ್ತು ನಿಮಿಷದ ಕೆಲಸ, ಪಿಕಪ್ ಡಬಲ್, ಎಲ್ಲರಿಗೂ ಶೇರ್ ಮಾಡಿ ಎಂಬ ಅರ್ಥದ ಬರಹ ಕೆಳಗೆ.

ವಿಜಯಪುರದ ಭೂತನಾಳ ಕೆರೆಯ ಸುತ್ತಿನ ಕಚ್ಚಾ ದಾರಿಯಾಗಲಿ, ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳ ನಡುವಿನ ಹಾದಿಯಾಗಲಿ, ಇಲ್ಲಿ ಡರ್ಟ್ ಬೈಕ್ ಎಂದರೆ ಶೋರೂಮಿನಿಂದ ಬಂದ ಲಕ್ಷಾಂತರ ರೂಪಾಯಿಯ ವಿದೇಶಿ ಗಾಡಿಯಲ್ಲ. ಅಪ್ಪನ ಕಾಲದ ಆರ್‌ಎಕ್ಸ್‌ಗೆ ಬಟನ್ ಟಯರ್ ಹಾಕಿ, ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರ್ ಬದಲಿಸಿದ ಗಾಡಿಯೇ ನಮ್ಮ ಡರ್ಟ್ ಬೈಕ್. ಅದಕ್ಕೆ ಬೇರೆ ಕಾರ್ಬ್ಯುರೇಟರ್ ಹಾಕುವುದರಲ್ಲಿ ತಪ್ಪೇನಿಲ್ಲ. ಭಾರತದಲ್ಲಿ ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರವರೆಗೆ. ನಮ್ಮದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಕೂಡ 1996ರಲ್ಲೇ ಬಾಗಿಲು ಹಾಕಿತು. ಈ ಗಾಡಿಗಳ ಮೂಲ ಕಾರ್ಬ್ಯುರೇಟರ್‌ಗಳು ಮೂವತ್ತು ವರ್ಷ ಸವೆದಿವೆ. ಸ್ಲೈಡ್ ಲೊಡಲೊಡ ಅಲ್ಲಾಡುತ್ತದೆ, ಬಾಡಿಯ ಒಳಗೋಡೆ ತಿಂದುಹೋಗಿದೆ. ಬದಲಿ ಹಾಕದೆ ವಿಧಿಯಿಲ್ಲದವರೂ ಇದ್ದಾರೆ.

ಹಾಗಾದರೆ ವಿಡಿಯೊ ಹೇಳುವುದು ನಿಜವೇ? ಕಾರ್ಬ್ಯುರೇಟರ್ ಬದಲಿಸಬಹುದು ಎಂಬುದು ನಿಜ. ಪಿಕಪ್ ಡಬಲ್ ಎಂಬುದು ಸುಳ್ಳು. ಹತ್ತು ನಿಮಿಷದ ಕೆಲಸ ಎಂಬುದು ಅಪಾಯಕಾರಿ ಸುಳ್ಳು. ಏಕೆಂದರೆ ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಕಾರ್ಬ್ಯುರೇಟರ್ ಲೆಕ್ಕ ತಪ್ಪಿದರೆ ಗಾಡಿ ಬರೀ ನಿಧಾನವಾಗುವುದಿಲ್ಲ. ಓಡುತ್ತಿರುವಾಗಲೇ ಇಂಜಿನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಗಬಹುದು.

28 ಎಂಎಂ ಎಂದರೆ ಏನು?

ಅದು ಕಾರ್ಬ್ಯುರೇಟರ್‌ನ ಗಂಟಲಿನ ವ್ಯಾಸ. ಗಾಳಿ ಆ ಗಂಟಲಿನಲ್ಲಿ ವೇಗವಾಗಿ ಹರಿಯುವಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಆ ಒತ್ತಡದ ಕೊರತೆಗೆ ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲೆ ಏರಿ, ಗಾಳಿಯಲ್ಲಿ ಚಿಮ್ಮಿ, ಮಂಜಿನಂತಾಗಿ ಇಂಜಿನ್ ಸೇರುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ಆಗುವುದೂ ಇದೇ. ಪಂಪ್ ಇಲ್ಲ, ಕಂಪ್ಯೂಟರ್ ಇಲ್ಲ. ಪೆಟ್ರೋಲ್ ಎಷ್ಟು ಬರಬೇಕೆಂದು ನಿರ್ಧರಿಸುವುದು ಗಾಳಿಯ ವೇಗ ಮತ್ತು ಜೆಟ್‌ನ ತೂತು, ಇವೆರಡೇ.

ಆರ್‌ಎಕ್ಸ್ 100ರ ಮೂಲ ಕಾರ್ಬ್ಯುರೇಟರ್‌ನ ಗಂಟಲು 20 ಎಂಎಂ. ಅಂದರೆ ಸುಮಾರು 314 ಚದರ ಮಿಲಿಮೀಟರ್ ದಾರಿ. 28 ಎಂಎಂ ಗಂಟಲು ಎಂದರೆ 616 ಚದರ ಮಿಲಿಮೀಟರ್. ಎಂಟು ಮಿಲಿಮೀಟರ್ ತಾನೇ ಎನ್ನಬೇಡಿ, ದಾರಿ ಹೆಚ್ಚುಕಡಿಮೆ ಎರಡರಷ್ಟಾಯಿತು.

ಆದರೆ ಇಂಜಿನ್? ಅದು ಅದೇ 98 ಸಿಸಿ. ಕಂಪನಿ ಹೇಳಿದ ಗರಿಷ್ಠ ಶಕ್ತಿ, 11 ಬಿಎಚ್‌ಪಿ, ಬರುವುದು ನಿಮಿಷಕ್ಕೆ 7,500 ಸುತ್ತಿನಲ್ಲಿ. ಪ್ರತಿ ಸುತ್ತಿಗೂ 98 ಸಿಸಿ ಗಾಳಿ ಎಳೆಯುತ್ತದೆ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 12 ಲೀಟರ್. ಬಾಗಿಲು ದೊಡ್ಡದು ಮಾಡಿದಿರಿ ಎಂದು ಮನೆಯೊಳಗೆ ಜಾಗ ಹೆಚ್ಚಾಗುವುದಿಲ್ಲ. ಅಷ್ಟೇ ಗಾಳಿ ದೊಡ್ಡ ಗಂಟಲಿನಲ್ಲಿ ಹೋಗುವಾಗ ನಿಧಾನವಾಗಿ ಹೋಗುತ್ತದೆ. 20 ಎಂಎಂನಲ್ಲಿ ಸರಾಸರಿ ಗಂಟೆಗೆ 140 ಕಿ.ಮೀ. ವೇಗವಿದ್ದ ಗಾಳಿ 28 ಎಂಎಂನಲ್ಲಿ 72ಕ್ಕೆ ಇಳಿಯುತ್ತದೆ. ಇನ್ನು ಕೆಸರಿನಲ್ಲಿ, ಏರಿನಲ್ಲಿ ಗಾಡಿ ನಿಜವಾಗಿ ತಿರುಗುವ 3,000 ಸುತ್ತಿನ ಹತ್ತಿರ ನೋಡಿ: 20 ಎಂಎಂನಲ್ಲಿ 56 ಕಿ.ಮೀ., 28 ಎಂಎಂನಲ್ಲಿ 29 ಕಿ.ಮೀ. ಸೈಕಲ್ ಜೋರಾಗಿ ತುಳಿದರೆ ಮುಖಕ್ಕೆ ಬಡಿಯುವಷ್ಟು ಗಾಳಿ. ಇಷ್ಟು ಮಂದ ಗಾಳಿಗೆ ಪೆಟ್ರೋಲನ್ನು ಮಂಜಿನಂತೆ ಒಡೆಯುವ ಶಕ್ತಿ ಇಲ್ಲ. ಅದು ದಪ್ಪ ದಪ್ಪ ಹನಿಯಾಗಿ ಬೀಳುತ್ತದೆ. ಆ್ಯಕ್ಸಿಲರೇಟರ್ ತಿರುವಿದ ತಕ್ಷಣ ಗಾಡಿ ಮುಗ್ಗರಿಸಿ, ಒಂದು ಕ್ಷಣ ಸತ್ತಂತಾಗಿ, ಆಮೇಲೆ ಎದ್ದು ಓಡುತ್ತದೆ. ವಿಡಿಯೊದಲ್ಲಿ ಕಾಣುವ ಆ ಹಠಾತ್ ಎಳೆತವನ್ನು ಜನ ಪಿಕಪ್ ಎನ್ನುತ್ತಾರೆ. ಅದರ ಹಿಂದಿನ ಸೆಕೆಂಡಿನಲ್ಲಿ ಕಳೆದುಹೋದದ್ದನ್ನು ವಿಡಿಯೊದಲ್ಲಿ ಕತ್ತರಿಸಿರುತ್ತಾರೆ.

ಹಾಗಿದ್ದರೆ ವಿದೇಶಿ ಡರ್ಟ್ ಬೈಕ್‌ಗಳಲ್ಲಿ ಅಷ್ಟು ದೊಡ್ಡ ಕಾರ್ಬ್ಯುರೇಟರ್ ಹೇಗೆ? ಪ್ರಶ್ನೆ ಸರಿಯಾಗಿದೆ. ಯಮಹಾದ್ದೇ ವೈಜಡ್ 125 ಎಂಬ ಮೋಟೊಕ್ರಾಸ್ ಗಾಡಿಯಲ್ಲಿ 125 ಸಿಸಿಗೆ 38 ಎಂಎಂ ಕಾರ್ಬ್ಯುರೇಟರ್ ಇದೆ. ಆದರೆ ಅದರ ಪೋರ್ಟ್‌ಗಳು, ರೀಡ್ ವಾಲ್ವ್, ಹೊಟ್ಟೆ ಉಬ್ಬಿದ ಸೈಲೆನ್ಸರ್ ಎಲ್ಲವೂ ಹತ್ತು ಸಾವಿರ ಸುತ್ತಿನ ಮೇಲೆ ಓಡಲೆಂದೇ ಮಾಡಿದವು. ಆ ಇಂಜಿನ್‌ಗೆ ಆ ಗಂಟಲು ಬೇಕು. ಪೋರ್ಟ್ ಮುಟ್ಟದ ಆರ್‌ಎಕ್ಸ್‌ಗೆ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಿಲಿಂಡರ್ ಕೆಲಸ ಮಾಡಿಸದ ಆರ್‌ಎಕ್ಸ್ 100ಕ್ಕೆ 22 ಎಂಎಂ ಸಾಕು, 24 ಎಂಎಂ ಕೊನೆಯ ಗೆರೆ. 24 ಎಂಎಂ ಎಂದರೇ ದಾರಿ ಶೇ 44ರಷ್ಟು ಹೆಚ್ಚಾಯಿತು.

ಗಾಡಿ ಹಿಡಿಯುವುದು ಏಕೆ?

ಇದು ಯಾವ ವಿಡಿಯೊದಲ್ಲೂ ಹೇಳದ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಗಾಳಿಯ ವೇಗ ಅರ್ಧವಾದರೆ ಪೆಟ್ರೋಲನ್ನು ಮೇಲೆಳೆಯುವ ಒತ್ತಡದ ವ್ಯತ್ಯಾಸ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಒತ್ತಡ ಕಾಲು ಭಾಗವಾದರೆ ಅದೇ ಜೆಟ್‌ನಿಂದ ಬರುವ ಪೆಟ್ರೋಲ್ ಸುಮಾರು ಅರ್ಧವಾಗುತ್ತದೆ. ಅಂದರೆ ಹಳೆ ಕಾರ್ಬ್ಯುರೇಟರ್‌ನ ಮೇನ್ ಜೆಟ್ ನಂಬರನ್ನೇ ದೊಡ್ಡ ಕಾರ್ಬ್ಯುರೇಟರ್‌ಗೂ ಹಾಕಿದರೆ ಇಂಜಿನ್‌ಗೆ ಗಾಳಿ ಅಷ್ಟೇ, ಪೆಟ್ರೋಲ್ ಅರ್ಧದ ಹತ್ತಿರ. ಇದನ್ನೇ ಗ್ಯಾರೇಜಿನಲ್ಲಿ ಲೀನ್ ಎನ್ನುತ್ತಾರೆ. ಪೆಟ್ರೋಲ್ ಹೆಚ್ಚಾದರೆ ರಿಚ್.

ಫೋರ್-ಸ್ಟ್ರೋಕ್ ಗಾಡಿ ಲೀನ್ ಆದರೂ ಅದರ ಆಯಿಲ್ ಕೆಳಗಿನ ಚೇಂಬರಿನಲ್ಲಿ ಬೇರೆಯಾಗಿ ಇರುತ್ತದೆ, ಪಿಸ್ಟನ್‌ಗೆ ಜಿಡ್ಡು ಸಿಗುತ್ತಲೇ ಇರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಮೊದಲು ಹೋಗುವುದೇ ಕ್ರ್ಯಾಂಕ್ ಇರುವ ಕೆಳಗಿನ ಮನೆಗೆ. ಬೇರಿಂಗ್‌ಗೂ ಪಿಸ್ಟನ್‌ಗೂ ಬೇಕಾದ ಆಯಿಲ್ ಆ ಮಿಶ್ರಣದ ಜತೆಗೇ ಪ್ರಯಾಣ ಮಾಡುತ್ತದೆ. ಟ್ಯಾಂಕಿಗೇ ಆಯಿಲ್ ಕಲಸುವ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಅಷ್ಟೇ ಕಡಿಮೆ. ಜತೆಗೆ ಒಳಗೆ ಆವಿಯಾಗುತ್ತ ಪಿಸ್ಟನ್ ತಂಪಾಗಿಸುವುದೂ ಪೆಟ್ರೋಲೇ. ಎರಡೂ ಒಟ್ಟಿಗೆ ಹೋದಾಗ ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗುತ್ತದೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಬೋರ್‌ಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಕೂದಲೆಳೆಯ ಸಂದು ಮುಚ್ಚಿಹೋಗುತ್ತದೆ. ಪಿಸ್ಟನ್ ಬೋರ್‌ಗೆ ಅಂಟಿಕೊಳ್ಳುತ್ತದೆ. ಇದೇ ಸೀಜ್.

ಮೋಸ ಎಲ್ಲಿದೆಯೆಂದರೆ, ಸ್ವಲ್ಪ ಲೀನ್ ಆದ ಟೂ-ಸ್ಟ್ರೋಕ್ ಗಾಡಿ ಹಿಡಿಯುವ ಮುನ್ನ ಚೆನ್ನಾಗಿಯೇ ಓಡುತ್ತದೆ. ಶಬ್ದ ಗರಿಗರಿ, ಹೊಗೆ ಕಡಿಮೆ, ಎಳೆತ ಚುರುಕು. ಟ್ಯೂನಿಂಗ್ ಸೂಪರ್ ಆಯಿತು ಎಂದು ಖುಷಿಪಡುವ ಹೊತ್ತಿಗೇ ಪಿಸ್ಟನ್ ಸುಡುತ್ತಿರುತ್ತದೆ. ಆ್ಯಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಶಬ್ದ ತಕ್ಷಣ ಇಳಿಯದೆ ಮೇಲೆಯೇ ನೇತಾಡುತ್ತಿದ್ದರೆ, ಜೋರು ಓಟದಲ್ಲಿ ಕಿಣಿಕಿಣಿ ಸದ್ದು ಬಂದರೆ, ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಎಳೆದು ಹಿಡಿದಂತಾದರೆ ಮೊದಲು ಕ್ಲಚ್ ಹಿಡಿಯಿರಿ. ಕ್ಲಚ್ ಹಿಡಿದರೆ ಚಕ್ರ ಇಂಜಿನ್‌ನಿಂದ ಬಿಡಿಸಿಕೊಳ್ಳುತ್ತದೆ, ಗಾಡಿ ಉರುಳುತ್ತ ನಿಲ್ಲುತ್ತದೆ. ಹಳೆಯ ಜಾವಾ, ಯೆಜ್ಡಿ ಸವಾರರಲ್ಲಿ ಎರಡು ಬೆರಳು ಸದಾ ಕ್ಲಚ್ ಮೇಲೆ ಇಡುವ ಅಭ್ಯಾಸವಿದೆ. ಅದು ಸ್ಟೈಲ್‌ಗಾಗಿ ಅಲ್ಲ.

ಕೂರಿಸುವಾಗ ಎಲ್ಲಿ ತಪ್ಪುತ್ತದೆ?

ಮೊದಲು ಆಯಿಲ್ ಪಂಪ್. ಆರ್‌ಎಕ್ಸ್ 100ರಲ್ಲಿ ಟೂಟಿ ಆಯಿಲ್‌ಗೆ ಬೇರೆ ಟ್ಯಾಂಕ್, ಅದನ್ನು ಅಳೆದು ಕಳಿಸುವ ಪಂಪ್ ಇದೆ. ಆ್ಯಕ್ಸಿಲರೇಟರ್ ಕೇಬಲ್ ಎರಡಾಗಿ ಸೀಳಿ ಒಂದು ಕಾರ್ಬ್ಯುರೇಟರ್‌ಗೆ, ಇನ್ನೊಂದು ಪಂಪ್‌ಗೆ ಹೋಗುತ್ತದೆ. ಪಂಪ್‌ನಿಂದ ಹೊರಟ ಸಣ್ಣ ಪೈಪ್ ಗಾಳಿ ಒಳಹೋಗುವ ದಾರಿಗೆ ಸೇರುತ್ತದೆ. ಟೂ-ಸ್ಟ್ರೋಕ್ ಗಾಡಿಗಳಲ್ಲಿ ಕೆಲವದರಲ್ಲಿ ಅದು ಕಾರ್ಬ್ಯುರೇಟರ್‌ಗೇ, ಕೆಲವದರಲ್ಲಿ ಮ್ಯಾನಿಫೋಲ್ಡ್‌ಗೆ. ಹೊಸ ಕಾರ್ಬ್ಯುರೇಟರ್‌ನಲ್ಲಿ ಆ ಪೈಪ್ ಸಿಕ್ಕಿಸುವ ಮೂತಿ ಇಲ್ಲದಿದ್ದರೆ? ಪೈಪ್‌ಗೆ ಬಿರಡೆ ಜಡಿದು ಗಾಡಿ ಸ್ಟಾರ್ಟ್ ಮಾಡಿದರೆ ಇಂಜಿನ್ ಒಂದು ಹನಿ ಆಯಿಲ್ ಇಲ್ಲದೆ ಓಡುತ್ತಿರುತ್ತದೆ. ಒಂದೋ ಪಂಪ್ ಪೈಪ್‌ಗೆ ಮ್ಯಾನಿಫೋಲ್ಡ್‌ನಲ್ಲಿ ಸರಿಯಾದ ಮೂತಿ ಮಾಡಿಸಿ, ಇಲ್ಲವೇ ಪಂಪ್ ಪೂರ್ತಿ ತೆಗೆದು ಟ್ಯಾಂಕಿಗೇ ಅಳತೆ ಪ್ರಕಾರ ಆಯಿಲ್ ಕಲಸಿ. ನಡುವಿನ ದಾರಿ ಇಲ್ಲ. ಪಂಪ್ ಉಳಿಸಿಕೊಂಡರೂ ಕೆಲಸ ಮುಗಿಯಲಿಲ್ಲ: 24 ಎಂಎಂ ಸ್ಲೈಡ್ ಪೂರ್ತಿ ಏಳಲು ಕೇಬಲ್ 20 ಎಂಎಂಗಿಂತ ಉದ್ದ ಎಳೆಯಬೇಕು. ಆದ್ದರಿಂದ ಪಂಪ್ ಮೇಲಿನ ಗುರುತು ಎಲ್ಲಿ ಕೂಡಬೇಕೋ ಅಲ್ಲಿ ಕೂಡುವಂತೆ ಕೇಬಲ್ ಮತ್ತೆ ಹೊಂದಿಸಬೇಕು.

ಎರಡನೆಯದು ಗಾಳಿ ಸೋರಿಕೆ. ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ಮ್ಯಾನಿಫೋಲ್ಡ್‌ನ ರಬ್ಬರ್ ಬಿರುಕು ಬಿಟ್ಟಿದ್ದರೆ, ಗ್ಯಾಸ್ಕೆಟ್ ಬದಲು ಸಿಲಿಕೋನ್ ಬಳಿದಿದ್ದರೆ, ಕಳ್ಳದಾರಿಯಿಂದ ಬಂದ ಗಾಳಿಗೆ ಪೆಟ್ರೋಲ್ ಸೇರುವುದಿಲ್ಲ. ಮತ್ತೆ ಲೀನ್. ಪರೀಕ್ಷೆ ಸುಲಭ: ಗಾಡಿ ಐಡಲ್‌ನಲ್ಲಿ ಬಿಟ್ಟು, ನೀರು ತುಂಬಿದ ಸಣ್ಣ ಸ್ಪ್ರೇ ಬಾಟಲಿಯಿಂದ ಜೋಡಣೆಗಳ ಮೇಲೆ ಹನಿಸಿ. ಶಬ್ದ ಬದಲಾದರೆ ಅಲ್ಲಿ ಸೋರುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುವಾಗ ಅದು ಬೆಂಕಿಯ ಜತೆ ಆಟ. ಹೊಸ ಕಾರ್ಬ್ಯುರೇಟರ್‌ನ ಮೂತಿ ಮತ್ತು ಮ್ಯಾನಿಫೋಲ್ಡ್‌ನ ಒಳಸುತ್ತು ಒಂದೇ ಅಳತೆ ಇರಬೇಕೆಂಬುದನ್ನೂ ನೋಡಿ. 24 ಎಂಎಂ ಗಂಟಲಿನ ಮುಂದೆ 20 ಎಂಎಂ ಮ್ಯಾನಿಫೋಲ್ಡ್ ಇದ್ದರೆ ಖರ್ಚು ಮಾಡಿದ್ದು ದಂಡ, ಇಂಜಿನ್ ಉಸಿರಾಡುವುದು ಆ 20ರಿಂದಲೇ.

ಮೂರನೆಯದನ್ನು ಅವಸರದಲ್ಲಿ ಮರೆಯುತ್ತಾರೆ: ಸ್ಲೈಡ್‌ನ ದಿಕ್ಕು. ಅದರ ಒಂದು ಬದಿ ಓರೆಯಾಗಿ ಕತ್ತರಿಸಿರುತ್ತದೆ, ಆ ಬದಿ ಏರ್ ಫಿಲ್ಟರ್ ಕಡೆಗೆ ಇರಬೇಕು. ತಿರುಗಾಮುರುಗಾ ಕೂರಿಸಿದರೆ ಕಿಕ್ ಹೊಡೆದ ಕೂಡಲೇ ಇಂಜಿನ್ ಕೈಗೆ ಸಿಗದೆ ಕಿರುಚುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಆ್ಯಕ್ಸಿಲರೇಟರ್ ತಿರುವಿ ಬಿಡಿ. ಟಕ್ ಎಂದು ಸ್ಲೈಡ್ ಕೆಳಗೆ ಬಡಿದ ಸದ್ದು ಕೇಳಬೇಕು. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿಯೂ ಅದೇ ಸದ್ದು ಕೇಳಬೇಕು. ಕೇಳದಿದ್ದರೆ ಕೇಬಲ್ ಎಳೆದು ಹಿಡಿದಿದೆ ಎಂದರ್ಥ. ತಿರುವಿನಲ್ಲಿ ಗಾಡಿ ತಾನಾಗಿ ರೇಸ್ ಆದರೆ ಕೆರೆಯ ದಂಡೆಯ ಮೇಲೆ ಏನಾಗುತ್ತದೆಂದು ಹೇಳಬೇಕಿಲ್ಲ.

ಟ್ಯೂನ್ ಮಾಡುವುದು ಹೇಗೆ?

ಒಂದೇ ಸ್ಕ್ರೂ ತಿರುವಿ ಟ್ಯೂನಿಂಗ್ ಆಯಿತು ಎನ್ನುವುದನ್ನು ನೋಡಿರುತ್ತೀರಿ. ಆ ಸ್ಕ್ರೂ ಕೆಲಸ ಮಾಡುವುದು ಐಡಲ್‌ನಿಂದ ಕಾಲು ಆ್ಯಕ್ಸಿಲರೇಟರ್‌ವರೆಗೆ ಮಾತ್ರ, ಪೈಲಟ್ ಜೆಟ್ ಜತೆಗೂಡಿ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯ ರಾಜ್ಯ. ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್. ಗಾಡಿ ಪೂರ್ತಿ ಓಟದಲ್ಲಿ ಹಿಡಿಯುವುದನ್ನು ಐಡಲ್ ಸ್ಕ್ರೂ ತಡೆಯಲಾರದು.

ಮೊದಲ ನಿಯಮ, ರಿಚ್ ಕಡೆಯಿಂದ ಶುರುಮಾಡಿ ಲೀನ್ ಕಡೆಗೆ ಬನ್ನಿ. ರಿಚ್ ಆದರೆ ಹೋಗುವುದು ಒಂದು ಪ್ಲಗ್, ಸ್ವಲ್ಪ ಪೆಟ್ರೋಲ್. ಲೀನ್ ಆದರೆ ಹೋಗುವುದು ಪಿಸ್ಟನ್, ಬೋರ್, ಕೆಲವೊಮ್ಮೆ ಸವಾರನ ಕಾಲು. ಹಾಗಾಗಿ ಬೇಕು ಅನ್ನಿಸುವುದಕ್ಕಿಂತ ನಾಲ್ಕೈದು ನಂಬರ್ ದೊಡ್ಡ ಮೇನ್ ಜೆಟ್ ಹಾಕಿಯೇ ಆರಂಭಿಸಿ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ರೂಗೆ ಕೈ ಹಾಕಿ. ಅದು ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯ ಸ್ಕ್ರೂ: ಬಿಗಿಮಾಡಿದರೆ ರಿಚ್, ಸಡಿಲಿಸಿದರೆ ಲೀನ್. ಇಂಜಿನ್ ಕಡೆಗಿದ್ದರೆ ಪೆಟ್ರೋಲ್‌ನ ಸ್ಕ್ರೂ: ಲೆಕ್ಕ ಪೂರ್ತಿ ಉಲ್ಟಾ. ಟೂ-ಸ್ಟ್ರೋಕ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಗಾಳಿಯ ಸ್ಕ್ರೂ, ಈಗಿನ ಫೋರ್-ಸ್ಟ್ರೋಕ್‌ಗಳಲ್ಲಿ ಪೆಟ್ರೋಲ್‌ನದು. ಫೋರ್-ಸ್ಟ್ರೋಕ್ ಗಾಡಿಯ ವಿಡಿಯೊ ನೋಡಿ ಆರ್‌ಎಕ್ಸ್‌ನ ಸ್ಕ್ರೂ ತಿರುವಿದವರು ಎಡವುವುದು ಇಲ್ಲೇ. ಮೆತ್ತಗೆ ಪೂರ್ತಿ ಒಳಗೆ ಕಳಿಸಿ, ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಅಲ್ಲಿಂದ ಕಾಲು ಕಾಲು ಸುತ್ತು ಅತ್ತಿತ್ತ ಮಾಡಿ, ಐಡಲ್ ಅತಿ ಹೆಚ್ಚು ಏರುವ ಜಾಗ ಹುಡುಕಿ. ಗಾಳಿಯ ಸ್ಕ್ರೂನಲ್ಲಿ ಆ ಜಾಗ ಒಂದು ಸುತ್ತಿಗಿಂತ ಒಳಗೆ ಸಿಕ್ಕರೆ ಪೈಲಟ್ ಜೆಟ್ ಚಿಕ್ಕದಾಯಿತು. ಎರಡೂವರೆ ಸುತ್ತಿಗಿಂತ ಹೊರಗೆ ಸಿಕ್ಕರೆ ದೊಡ್ಡದಾಯಿತು. ಜೆಟ್ ಬದಲಿಸಿ ಮತ್ತೆ ಮಾಡಿ.

ಸೂಜಿಯ ತಲೆಯಲ್ಲಿ ನಾಲ್ಕೈದು ಗೆರೆ, ಅದರಲ್ಲಿ ಒಂದು ಕ್ಲಿಪ್. ಕ್ಲಿಪ್ ಕೆಳಗಿನ ಗೆರೆಗೆ ಇಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು. ಮೇಲಿನ ಗೆರೆಗೆ ಏರಿಸಿದರೆ ಕಡಿಮೆ. ನಡುವಿನ ಗೆರೆಯಿಂದ ಶುರುಮಾಡಿ. ಅರ್ಧ ಆ್ಯಕ್ಸಿಲರೇಟರ್‌ನಲ್ಲಿ ಗಾಡಿ ಗೊರಗೊರ ಎಂದರೆ ರಿಚ್, ಖಾಲಿ ಖಾಲಿ ಎನ್ನಿಸಿ ಎಳೆಯದಿದ್ದರೆ ಲೀನ್. ಎಲ್ಲಿ ಎಷ್ಟು ತಿರುವಿದ್ದೇವೆ ಎಂದು ತಿಳಿಯಲು ಹಿಡಿಯ ಮೇಲೆ, ಸ್ವಿಚ್ ಬಾಕ್ಸ್ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದುಕೊಳ್ಳಿ. ಎರಡು ರೂಪಾಯಿ ಖರ್ಚಿಲ್ಲ, ಅರ್ಧ ದಿನ ಉಳಿಯುತ್ತದೆ.

ಕೊನೆಗೆ ಮೇನ್ ಜೆಟ್. ಜನವಿಲ್ಲದ, ವಾಹನವಿಲ್ಲದ, ಮಾಲೀಕರ ಒಪ್ಪಿಗೆ ಇರುವ ಬಯಲಿನಲ್ಲಿ, ಹೆಲ್ಮೆಟ್ ಮತ್ತು ಬೂಟು ಹಾಕಿ. ಸೊಲ್ಲಾಪುರ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಅಲ್ಲ. ಪೂರ್ತಿ ಆ್ಯಕ್ಸಿಲರೇಟರ್‌ನಲ್ಲಿ ಇಂಜಿನ್ ಬಡಬಡ ಎಂದು ಫೋರ್-ಸ್ಟ್ರೋಕ್‌ನಂತೆ ಸದ್ದು ಮಾಡಿದರೆ ರಿಚ್. ಒಂದೊಂದೇ ನಂಬರ್ ಇಳಿಸಿ. ಬಡಬಡ ನಿಂತು ಸದ್ದು ಶುದ್ಧವಾದ ಕೂಡಲೇ ನಿಲ್ಲಿಸಿ, ಒಂದು ನಂಬರ್ ಮೇಲಕ್ಕೆ ಹೋಗಿ ಅಲ್ಲೇ ಬಿಡಿ. ಇನ್ನೂ ಒಂದು ಇಳಿಸಿ ನೋಡೋಣ ಎನ್ನುವ ಆಸೆಯೇ ಪಿಸ್ಟನ್ ತಿನ್ನುವುದು.

ಪ್ಲಗ್ ನೋಡುವುದಕ್ಕೂ ಕ್ರಮವಿದೆ. ಹೊಸ ಪ್ಲಗ್ ಹಾಕಿ, ಪೂರ್ತಿ ಓಟದಲ್ಲಿರುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಉರುಳಿಸಿಕೊಂಡು ಬಂದು ಬಿಚ್ಚಿ ನೋಡಬೇಕು. ಐಡಲ್‌ನಲ್ಲಿ ಮನೆಗೆ ಓಡಿಸಿಕೊಂಡು ಬಂದು ನೋಡಿದರೆ ಕಾಣುವುದು ಐಡಲ್‌ನ ಬಣ್ಣ. ಬಿಳಿ ಪಿಂಗಾಣಿ ಚಹಾದಂಥ ನಸುಗಂದು ಆಗಿದ್ದರೆ ಸರಿ. ಕಪ್ಪು, ಒದ್ದೆ ಇದ್ದರೆ ರಿಚ್. ಸುಣ್ಣದಂತೆ ಬೆಳ್ಳಗಿದ್ದರೆ, ಸಣ್ಣ ಗುಳ್ಳೆ ಅಥವಾ ಲೋಹದ ಚುಕ್ಕೆ ಕಂಡರೆ ಆ ದಿನ ಗಾಡಿ ಮತ್ತೆ ಓಡಿಸಬೇಡಿ. ಈಗಿನ ಪೆಟ್ರೋಲ್ ಪ್ಲಗ್ ಮೇಲೆ ಬಣ್ಣ ಬಿಡುವುದು ಕಡಿಮೆ, ಆದ್ದರಿಂದ ತುದಿಯ ಬದಲು ಪಿಂಗಾಣಿಯ ಬುಡದಲ್ಲಿ ಕಾಣುವ ಉಂಗುರವನ್ನು ಬೆಳಕು ಹಿಡಿದು ನೋಡಿ.

ಜೆಟ್ ಕೊಳ್ಳುವಾಗ ಒಂದು ಎಚ್ಚರ. ಮಿಕುನಿ ಕಂಪನಿಯ ಆರು ಮೂಲೆಯ ಮೇನ್ ಜೆಟ್ ಮೇಲಿನ ನಂಬರ್ ಪೆಟ್ರೋಲ್ ಹರಿಯುವ ಪ್ರಮಾಣದ್ದು. ಕೈಹಿನ್ ಜೆಟ್ ಮೇಲಿನದು ತೂತಿನ ಅಳತೆಯದು. ಮಿಕುನಿ 100 ಮತ್ತು ಕೈಹಿನ್ 100 ಒಂದೇ ಅಲ್ಲ. ನಕಲಿ ಕಾರ್ಬ್ಯುರೇಟರ್ ಜತೆ ಬರುವ ಜೆಟ್‌ಗಳ ನಂಬರನ್ನಂತೂ ನಂಬಿ ಲೆಕ್ಕ ಹಾಕಬೇಡಿ.

ಫಾರ್ವರ್ಡ್‌ಗಳಲ್ಲಿ ಬರುವ ಇನ್ನೆರಡು ಸಲಹೆ

ಆಯಿಲ್ ಜಾಸ್ತಿ ಹಾಕಿ, ಮಿಶ್ರಣ ರಿಚ್ ಆಗಿ ಇಂಜಿನ್ ಸೇಫ್ ಎನ್ನುತ್ತಾರೆ. ಉಲ್ಟಾ. ಲೀಟರ್‌ಗೆ 20 ಮಿ.ಲೀ. ಕಲಸಿದಾಗ ಜೆಟ್‌ನಲ್ಲಿ ಹಾದುಹೋಗುವ ದ್ರವದಲ್ಲಿ ಶೇ 98 ಪೆಟ್ರೋಲ್. 50 ಮಿ.ಲೀ. ಕಲಸಿದರೆ ಶೇ 95. ಜೆಟ್‌ನ ತೂತು ಅಷ್ಟೇ ಇರುವುದರಿಂದ ಆಯಿಲ್ ಪೆಟ್ರೋಲ್‌ನ ಜಾಗ ಕಸಿಯುತ್ತದೆ, ಮಿಶ್ರಣ ಲೀನ್ ಕಡೆಗೆ ಸರಿಯುತ್ತದೆ. ಹೊಗೆ ಹೆಚ್ಚಿದೆ ಎಂದ ಮಾತ್ರಕ್ಕೆ ರಿಚ್ ಅಲ್ಲ. ಆಯಿಲ್ ಡಬ್ಬಿಯ ಮೇಲೆ, ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಗೆ ಅಂಟಿಕೊಂಡು, ಆಮೇಲೆ ಜೆಟ್ ಹೊಂದಿಸಿ. ಅಳತೆ ಬದಲಿಸಿದರೆ ಜೆಟ್ ಮತ್ತೆ ನೋಡಬೇಕು.

ಏರ್ ಫಿಲ್ಟರ್ ತೆಗೆದರೆ ಗಾಡಿ ಚೆನ್ನಾಗಿ ಉಸಿರಾಡುತ್ತದೆ ಎಂಬುದು ಇನ್ನೊಂದು. ಉಸಿರಾಡುತ್ತದೆ, ಧೂಳನ್ನೂ ಸೇರಿಸಿ. ಬೇಸಿಗೆಯಲ್ಲಿ ವಿಜಯಪುರದ ಎರೆ ಮಣ್ಣಿನ ದಾರಿಯಲ್ಲಿ ಮುಂದಿನ ಗಾಡಿಯ ಹಿಂದೆ ಹೋದವರಿಗೆ ಆ ಧೂಳು ಎಷ್ಟು ನುಣುಪು ಎಂದು ಗೊತ್ತು. ಟೂ-ಸ್ಟ್ರೋಕ್‌ನಲ್ಲಿ ಅದು ನೇರ ಕ್ರ್ಯಾಂಕ್ ಬೇರಿಂಗ್‌ಗೇ ಹೋಗುತ್ತದೆ. ಫಿಲ್ಟರ್ ತೆಗೆದಾಗ ಗಾಳಿಯ ತಡೆ ಕಡಿಮೆಯಾಗಿ ಮಿಶ್ರಣ ಲೀನ್ ಕೂಡ ಆಗುತ್ತದೆ. ಫೋಮ್ ಫಿಲ್ಟರ್ ಆದರೆ ತೊಳೆದು ಒಣಗಿಸಿ, ಆಯಿಲ್ ಸವರಿ ಹಿಂಡಿ ಹಾಕಿ. ಬೇರೆ ಫಿಲ್ಟರ್ ಹಾಕಿದರೆ ಟ್ಯೂನಿಂಗ್ ಅದರ ಜತೆಗೇ ಆಗಬೇಕು, ಮೊದಲು ಟ್ಯೂನ್ ಮಾಡಿ ಆಮೇಲೆ ಫಿಲ್ಟರ್ ಬದಲಿಸುವುದಲ್ಲ.

ಮೇ ತಿಂಗಳ ಟ್ಯೂನಿಂಗ್ ಡಿಸೆಂಬರ್‌ಗೆ ನಡೆಯುವುದೇ?

ಬಿಸಿ ಗಾಳಿ ತೆಳು, ತಂಪು ಗಾಳಿ ದಟ್ಟ. ವಿಜಯಪುರದ ಬೇಸಿಗೆ ಮಧ್ಯಾಹ್ನದ 40 ಡಿಗ್ರಿಗೆ ಹೋಲಿಸಿದರೆ ಚಳಿಗಾಲದ ಬೆಳಗಿನ 15 ಡಿಗ್ರಿಯಲ್ಲಿ ಅಷ್ಟೇ ಜಾಗದಲ್ಲಿ ಗಾಳಿ ಶೇ 8-9ರಷ್ಟು ಹೆಚ್ಚು ಇರುತ್ತದೆ. ಮೇ ತಿಂಗಳಲ್ಲಿ ಅಂಚಿಗೆ ತಂದು ಟ್ಯೂನ್ ಮಾಡಿದ ಗಾಡಿ ಡಿಸೆಂಬರ್‌ನಲ್ಲಿ ತಾನಾಗಿಯೇ ಲೀನ್ ಆಗಿರುತ್ತದೆ. ಯಾರೂ ಏನೂ ಮುಟ್ಟಿಲ್ಲ, ಆದರೂ ಹಿಡಿಯಿತು ಎಂಬ ದೂರಿಗೆ ಇದೂ ಒಂದು ಕಾರಣ. ಎತ್ತರಕ್ಕೆ ಹೋದರೆ ಇದರ ವಿರುದ್ಧ: ಮುಳ್ಳಯ್ಯನಗಿರಿಯ ತೆಳು ಗಾಳಿಯಲ್ಲಿ ಅದೇ ಗಾಡಿ ರಿಚ್ ಆಗಿ ಮುಗ್ಗರಿಸುತ್ತದೆ. ಅಲ್ಲಿ ಜೆಟ್ ಇಳಿಸಿದವರು ಕೆಳಗಿಳಿದ ಮೇಲೆ ಮರೆಯದೆ ಮತ್ತೆ ಏರಿಸಬೇಕು.

ಈಗ ಇದಕ್ಕೆ ಇ20 ಸೇರಿದೆ. 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಸಾಮಾನ್ಯವಾಯಿತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಕಲಬೆರಕೆ ಲೆಕ್ಕ ಹಾಕಿದರೆ ಇ20ಗೆ ಸುಮಾರು 13.5. ಜೆಟ್ ಹಳೆಯದೇ ಇದ್ದರೆ ಮಿಶ್ರಣ ಶೇ 7-8ರಷ್ಟು ಲೀನ್ ಕಡೆಗೆ ಹೋಯಿತು. ಇಂಜೆಕ್ಷನ್ ಇರುವ ಹೊಸ ಗಾಡಿಯ ಸೆನ್ಸರ್ ಇದನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ಕಾರ್ಬ್ಯುರೇಟರ್‌ಗೆ ಕಣ್ಣಿಲ್ಲ. 1990ರ ಗಾಡಿಗೆ ಅಂದಿನ ಪುಸ್ತಕದಲ್ಲಿ ಬರೆದ ಜೆಟ್ ನಂಬರ್ ಇಂದಿನ ಪೆಟ್ರೋಲ್‌ಗೆ ಒಂದೆರಡು ನಂಬರ್ ಚಿಕ್ಕದು ಎಂದೇ ಎಣಿಸಿ. ಹಳೆಯ ರಬ್ಬರ್ ಪೈಪ್, ಓ-ರಿಂಗ್‌ಗಳನ್ನೂ ಎಥನಾಲ್ ಉಬ್ಬಿಸುತ್ತದೆ, ಕಾರ್ಬ್ಯುರೇಟರ್ ಬಿಚ್ಚಿದಾಗಲೇ ಅವನ್ನೂ ಬದಲಿಸಿಬಿಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿನ ಅವಕಾಶವೂ ಬಂತು. ಬೋರ್ ದೊಡ್ಡದು ಮಾಡಿಸಿ, ಸೈಲೆನ್ಸರ್ ತೆಗೆದು ರಸ್ತೆಗೆ ತಂದ ಗಾಡಿ ಇದರಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಗೆ ತಪಾಸಣೆಯೂ ಇದೆ: 2000ನೇ ಇಸವಿಗೆ ಮುಂಚಿನ ದ್ವಿಚಕ್ರ ವಾಹನಕ್ಕೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 4.5. ಪೈಲಟ್ ಜೆಟ್ ಸರಿಯಾಗಿದ್ದರೆ ಅದರೊಳಗೆ ಬರುವುದು ಕಷ್ಟವಲ್ಲ, ಐಡಲ್‌ನಲ್ಲಿ ಮೇನ್ ಜೆಟ್‌ಗೆ ಕೆಲಸವಿಲ್ಲ. ಮಣ್ಣಿನ ಓಟಕ್ಕೆಂದೇ ಮಾಡಿದ ಗಾಡಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಸುರಕ್ಷಿತ.

ಇಷ್ಟು ಓದಿದ ಮೇಲೂ ಬದಲಿಸುವುದೇ ಆದರೆ, ಬಿಚ್ಚುವ ಮುನ್ನ ಮೂಲ ಕಾರ್ಬ್ಯುರೇಟರ್‌ನ ಮೇನ್ ಜೆಟ್, ಪೈಲಟ್ ಜೆಟ್ ನಂಬರ್, ಕ್ಲಿಪ್ ಎಷ್ಟನೇ ಗೆರೆ, ಸ್ಕ್ರೂ ಎಷ್ಟು ಸುತ್ತು ಎಂಬುದನ್ನು ಫೋಟೊ ತೆಗೆದು, ಚೀಟಿಯಲ್ಲಿ ಬರೆದಿಡಿ. ಹೊಸದರ ಜತೆ ಪ್ರತಿ ಸಲ ಬದಲಿಸಿದ್ದನ್ನೂ, ಆ ದಿನದ ಬಿಸಿಲನ್ನೂ ಅದೇ ಚೀಟಿಯಲ್ಲಿ ಸೇರಿಸುತ್ತ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಳೆಯ ಕಾರ್ಬ್ಯುರೇಟರನ್ನು ಗುಜರಿಗೆ ಕೊಡಬೇಡಿ. ಪೆಟ್ರೋಲ್ ಖಾಲಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಟಿಯನ್ನೂ ಅದರೊಳಗೇ ಹಾಕಿಡಿ.